ವಾಲದ ಗಾಡಿ ಮುಪ್ಪಾದಾಗ

ಯಂತ್ರಗಳಿಗೂ ಮುಪ್ಪುಂಟು. ಆದರೆ ಯಂತ್ರದ ಮುಪ್ಪಿನಲ್ಲಿ ಅದರ ಒಡೆಯನಿಗೆ ಒಂದು ಸ್ವಾತಂತ್ರ್ಯವಿದೆ: ಕೆಟ್ಟ ಅಂಗವನ್ನು ದುರಸ್ತಿ ಮಾಡಿಸಬಹುದು, ಇಲ್ಲವೆ ಅದನ್ನು ಕಿತ್ತುಹಾಕಿ ಆ ಅಂಗವಿಲ್ಲದೆಯೇ ಯಂತ್ರವನ್ನು ನಡೆಸಬಹುದು. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಇಂಗ್ಲೆಂಡಿನ ಒಂದು ಹೆಸರಾಂತ ಗಾಡಿಯ ಒಡೆಯರಲ್ಲಿ ಬಹುಕಾಲದಿಂದ ನಡೆದಿದೆ. ಚರ್ಚೆಯು ಮೇಲ್ನೋಟಕ್ಕೆ ಹಣದ ವಿಷಯವೆಂದು ಕಾಣುತ್ತದೆ. ವಾಸ್ತವವಾಗಿ ಅದು ಭೌತಶಾಸ್ತ್ರದ ವಿಷಯ. ಕಾಲೇಜಿನ ಮೊದಲ ವರ್ಷದ ಬಲವಿಜ್ಞಾನವನ್ನು ಓದಿದವನು ಅದರಲ್ಲಿ ಬಾಯಿ ಹಾಕಲು ಸಂಪೂರ್ಣ ಅರ್ಹನೆಂದು ನಾವು ಭಾವಿಸುತ್ತೇವೆ.

ಗಾಡಿಯ ಹೆಸರು ಲ್ಯಾಂಡ್ ರೋವರ್ ಡಿಸ್ಕವರಿ, ಎರಡನೆಯ ಶ್ರೇಣಿ. ಇದು 1998ರಿಂದ 2004ರವರೆಗೆ ಇಂಗ್ಲೆಂಡಿನ ಸಾಲಿಹಲ್ ಕಾರ್ಖಾನೆಯಲ್ಲಿ ತಯಾರಾಯಿತು. ಅಂದರೆ ಇವುಗಳಲ್ಲಿ ಅತ್ಯಂತ ಕಿರಿಯ ಗಾಡಿಗೂ ಈಗ ಇಪ್ಪತ್ತು ವರ್ಷ ದಾಟಿದೆ. ಆ ಸಂಸ್ಥೆಯನ್ನು ನಮ್ಮ ದೇಶದ ಟಾಟಾ ಮೋಟಾರ್ಸ್ 2008ರಲ್ಲಿ ಫೋರ್ಡ್ ಸಂಸ್ಥೆಯಿಂದ ಕೊಂಡುಕೊಂಡಿತೆಂಬುದನ್ನು ವಾಚಕರು ಬಲ್ಲರು. ಆದರೆ ನಾವು ಹೇಳುತ್ತಿರುವ ಗಾಡಿ ಆ ಕ್ರಯಕ್ಕೆ ಹಿಂದಿನದು. ಎತ್ತರವಾದ ಒಡಲು, ಎರಡು ಕಡೆಯೂ ಇಡಿಯಾದ ಗಟ್ಟಿ ಅಚ್ಚು, ಮೃದುವಾದ ಉದ್ದ ಸ್ಪ್ರಿಂಗುಗಳು, ಇವು ಅದರ ಲಕ್ಷಣಗಳು. ಹಳ್ಳಕೊಳ್ಳಗಳಲ್ಲಿ ನಡೆಯಲು ಹೇಳಿ ಮಾಡಿಸಿದ ರಚನೆ. ಆದರೆ ಅದೇ ರಚನೆಯು ಒಳ್ಳೆಯ ರಸ್ತೆಯ ತಿರುವಿನಲ್ಲಿ ಗಾಡಿಯನ್ನು ಹೊರಮಗ್ಗುಲಿಗೆ ವಾಲಿಸುತ್ತದೆ.

ವಾಲುವುದಕ್ಕೆ ಕಾರಣವೇನು? ತಿರುವಿನಲ್ಲಿ ಗಾಡಿಯನ್ನು ಒಳಕ್ಕೆ ಎಳೆಯುವ ಬಲವು ರಸ್ತೆಯಿಂದ ಚಕ್ರಕ್ಕೆ, ಅಂದರೆ ನೆಲಮಟ್ಟದಲ್ಲಿ ಒದಗುತ್ತದೆ. ಗಾಡಿಯ ಗುರುತ್ವಕೇಂದ್ರವಾದರೋ ನೆಲದಿಂದ ಎಷ್ಟೋ ಮೇಲಿರುತ್ತದೆ. ಕೆಳಗಿನ ಭಾಗ ತಿರುಗಿತು, ಮೇಲಿನ ಭಾಗ ಜಡತ್ವದಿಂದ ನೇರವಾಗಿಯೇ ಹೋಗಬಯಸುತ್ತದೆ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವನು ಕಂಬಿಯನ್ನು ಬಿಟ್ಟರೆ ಹೊರಮಗ್ಗುಲಿಗೆ ಬೀಳುವುದು ಇದೇ ಕಾರಣದಿಂದ. ಗಾಡಿಯ ಒಡಲಿಗೆ ಹಿಡಿದುಕೊಳ್ಳಲು ಕಂಬಿಯಿಲ್ಲ, ಸ್ಪ್ರಿಂಗುಗಳೇ ಗತಿ. ಹೊರಮಗ್ಗುಲಿನ ಸ್ಪ್ರಿಂಗು ಕುಗ್ಗುತ್ತದೆ, ಒಳಮಗ್ಗುಲಿನದು ಹಿಗ್ಗುತ್ತದೆ, ಒಡಲು ವಾಲುತ್ತದೆ.

ಇದನ್ನು ತಡೆಯಲು ಒಂದು ಸರಳ ಉಪಾಯ ಬಹು ಹಿಂದೆಯೇ ಹೊಳೆದಿತ್ತು. ಕೆನಡಾ ದೇಶದ ಸ್ಟೀಫನ್ ಕೋಲ್‌ಮನ್ ಎಂಬವರಿಗೆ 1919ರಲ್ಲಿಯೇ ಇದರ ಪೇಟೆಂಟು ದೊರಕಿತು. ಉಕ್ಕಿನ ಒಂದು ಉದ್ದ ಸರಳನ್ನು ಗಾಡಿಯ ಅಡ್ಡಕ್ಕೆ ಹಾಯಿಸಿ, ಅದರ ಎರಡು ತುದಿಗಳನ್ನೂ ಬಗ್ಗಿಸಿ, ಎಡಬಲದ ಚಕ್ರಗಳ ಕಡೆಗೆ ಜೋಡಿಸಬೇಕು. ಎರಡು ಚಕ್ರಗಳೂ ಒಟ್ಟಿಗೆ ಏರಿಳಿದರೆ ಸರಳು ಸುಮ್ಮನೆ ತಿರುಗುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಸರಳು ತಿರುಚಿಕೊಳ್ಳಬೇಕಾಗುತ್ತದೆ, ಉಕ್ಕು ಅದನ್ನು ವಿರೋಧಿಸುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಸ್ಟೆಬಿಲೈಸರ್ ರಾಡು ಎಂದು ಕರೆಯುವುದು ಇದನ್ನೇ. ಈ ಲೇಖನದಲ್ಲಿ ನಾವು ಇದನ್ನು ವಾಲುತಡೆ ಸರಳು ಎನ್ನೋಣ.

ಉಪಾಯವೇನೋ ಚೆಲುವಾದುದು. ಆದರೆ ಕಾಡುದಾರಿಯ ಗಾಡಿಗೆ ಅದರಿಂದ ಒಂದು ತೊಡಕು. ಬಂಡೆಯ ಮೇಲೆ ಒಂದು ಚಕ್ರ ಏರಿ, ಗುಂಡಿಯೊಳಕ್ಕೆ ಇನ್ನೊಂದು ಇಳಿಯಬೇಕಾದಾಗ ಇದೇ ಸರಳು ಅಡ್ಡಬರುತ್ತದೆ. ಇಳಿಯಬೇಕಾದ ಚಕ್ರ ಗಾಳಿಯಲ್ಲಿ ತೂಗಾಡುತ್ತದೆ. ನೆಲವನ್ನು ಮುಟ್ಟದ ಚಕ್ರಕ್ಕೆ ಹಿಡಿತವೆಲ್ಲಿಯದು? ರಸ್ತೆಯ ಮೇಲೆ ಸರಳು ಬಲವಾಗಿರಬೇಕು, ಕಾಡಿನಲ್ಲಿ ಅದು ಇಲ್ಲವೇ ಇಲ್ಲವೆಂಬಂತಿರಬೇಕು. ಒಂದೇ ಉಕ್ಕಿನ ತುಂಡಿನಿಂದ ಈ ಎರಡು ಗುಣಗಳನ್ನೂ ಬಯಸುವುದು ಆಗದ ಮಾತು.

ಸಾಲಿಹಲ್ಲಿನ ಇಂಜಿನಿಯರುಗಳು ಈ ವಿರೋಧವನ್ನು ಬಿಡಿಸಲು ಮಾಡಿದ ಏರ್ಪಾಟಿಗೆ ಆಕ್ಟಿವ್ ಕಾರ್ನರಿಂಗ್ ಎನ್‌ಹಾನ್ಸ್‌ಮೆಂಟ್ ಎಂಬ ಉದ್ದನೆಯ ಹೆಸರಿದೆ. ಒಡೆಯರು ಅದನ್ನು ಚಿಕ್ಕದಾಗಿ ‘ಏಸ್’ ಎನ್ನುತ್ತಾರೆ. ಅದರಲ್ಲಿ ಮುಂದೊಂದು ಹಿಂದೊಂದು ಸರಳು ಇದ್ದೇ ಇದೆ. ಆದರೆ ಪ್ರತಿ ಸರಳಿನ ಒಂದು ತುದಿಯ ತೋಳಿನಲ್ಲಿ ಒಂದು ದ್ರವಚಾಲಿತ ಸಿಲಿಂಡರನ್ನು ಸೇರಿಸಿದೆ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತುತ್ತದೆ. ಕವಾಟಗಳ ಪೆಟ್ಟಿಗೆಯೊಂದು ಆ ಎಣ್ಣೆಯನ್ನು ಸಿಲಿಂಡರಿನ ಈ ಕಡೆಗೋ ಆ ಕಡೆಗೋ ಹಂಚುತ್ತದೆ. ಗಾಡಿ ಬಲಕ್ಕೆ ತಿರುಗಿದಾಗ ಸಿಲಿಂಡರು ಸರಳನ್ನು ಒಂದು ದಿಕ್ಕಿಗೆ ತಾನೇ ತಿರುಚುತ್ತದೆ, ಎಡಕ್ಕೆ ತಿರುಗಿದಾಗ ಇನ್ನೊಂದು ದಿಕ್ಕಿಗೆ. ಒಡಲು ವಾಲುವ ಮೊದಲೇ ಅದನ್ನು ಎತ್ತಿ ಹಿಡಿದಂತಾಯಿತು. ಕಾಡುದಾರಿಯಲ್ಲಿ ಸಿಲಿಂಡರಿನ ಎರಡು ಕಡೆಗೂ ಎಣ್ಣೆ ಸರಾಗವಾಗಿ ಹರಿಯುವಂತೆ ಬಿಟ್ಟರೆ ಸರಳು ಇದ್ದೂ ಇಲ್ಲದಂತಾಗುತ್ತದೆ. ಪ್ಯಾಸ್ಕಲನ ನಿಯಮವನ್ನು ಪರೀಕ್ಷೆಗಾಗಿ ಮಾತ್ರ ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. 100 ಬಾರ್ ಒತ್ತಡವು 15 ಚದರ ಸೆಂಟಿಮೀಟರ್ ವಿಸ್ತೀರ್ಣದ ಪಿಸ್ಟನ್ನಿನ ಮೇಲೆ 15,000 ನ್ಯೂಟನ್ ಬಲವನ್ನು ಹೇರುತ್ತದೆ. ಇದು ಹೆಚ್ಚುಕಡಮೆ ಒಂದೂವರೆ ಟನ್ನಿನ ತೂಕ. ಪಿಸ್ಟನ್ನಾದರೋ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

ಗಾಡಿ ತಿರುಗುತ್ತಿದೆಯೆಂದು ಏರ್ಪಾಟಿಗೆ ತಿಳಿಯುವುದು ಹೇಗೆ? ಇದು ನಮಗೆ ಅತ್ಯಂತ ರುಚಿಸುವ ಭಾಗ. ಗಾಡಿಯಲ್ಲಿ ಎರಡು ವೇಗೋತ್ಕರ್ಷಮಾಪಕಗಳಿವೆ, ಒಂದು ಕೆಳಗೆ ನೆಲಗಟ್ಟಿನ ಮಟ್ಟದಲ್ಲಿ, ಇನ್ನೊಂದು ಮೇಲೆ ಚಾವಣಿಯ ಬಳಿ. ಒಂದೇ ಸಾಲದೇ ಎಂದು ಕೇಳಬಹುದು. ಸಾಲದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ 48 ಮೀಟರ್ ತ್ರಿಜ್ಯದ ತಿರುವನ್ನು ಸುತ್ತುವ ಗಾಡಿಗೆ ಸೆಕೆಂಡಿನ ವರ್ಗಕ್ಕೆ 4 ಮೀಟರಿನಷ್ಟು ಅಡ್ಡ ವೇಗೋತ್ಕರ್ಷವುಂಟು. 24 ಡಿಗ್ರಿ ಅಡ್ಡ ಇಳಿಜಾರಿನಲ್ಲಿ ಅಲುಗದೆ ನಿಂತ ಗಾಡಿಯ ಮಾಪಕವೂ, ಗುರುತ್ವದ ಒಂದು ಪಾಲು ಪಕ್ಕಕ್ಕೆ ಬೀಳುವುದರಿಂದ, ಅದೇ 4 ಮೀಟರನ್ನು ತೋರಿಸುತ್ತದೆ. ಗುರುತ್ವಕ್ಕೂ ವೇಗೋತ್ಕರ್ಷಕ್ಕೂ ಭೇದವನ್ನು ಮಾಪಕವೊಂದು ತನ್ನಷ್ಟಕ್ಕೆ ತಿಳಿಯಲಾರದು. ಐನ್‌ಸ್ಟೈನರು ತಮ್ಮ ಮಹಾಸಿದ್ಧಾಂತಕ್ಕೆ ತಳಹದಿಯಾಗಿ ಹಿಡಿದ ಸಂಗತಿಯೇ ಒಂದು ಜೀಪಿನ ತಳದಲ್ಲಿ ಇಂಜಿನಿಯರನ ತಲೆನೋವಾಗಿ ಬಂದು ಕುಳಿತಿತು! ಆದುದರಿಂದ ನಿಯಂತ್ರಕ ಪೆಟ್ಟಿಗೆಯು ಗಾಡಿಯ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೇಲಿನ ಕೆಳಗಿನ ಮಾಪಕಗಳ ಅಂಕಿಗಳನ್ನೂ ಹೋಲಿಸುತ್ತದೆ. ಕಲ್ಲುದಾರಿಯಲ್ಲಿ ಒಡಲು ತೊನೆದಾಡುವಾಗ ಚಾವಣಿಯು ನೆಲಗಟ್ಟಿಗಿಂತ ಹೆಚ್ಚು ಬೀಸುತ್ತದೆಯಾದ್ದರಿಂದ ಎರಡರ ವ್ಯತ್ಯಾಸ ದೊಡ್ಡದು. ಒಳ್ಳೆಯ ರಸ್ತೆಯ ತಿರುವಿನಲ್ಲಿ ಎರಡೂ ಬಹುಮಟ್ಟಿಗೆ ಒಂದೇ ಸಂಖ್ಯೆಯನ್ನು ಹೇಳುತ್ತವೆ.

ಈಗ ಮುಪ್ಪಿನ ವಿಚಾರ. ಬ್ರಿಟನ್ನಿನಲ್ಲಿ ಚಳಿಗಾಲ ಬಂತೆಂದರೆ ಹಿಮಗಟ್ಟದಂತೆ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಏಸ್ ಏರ್ಪಾಟಿನ ಪಂಪು ಮುಂದಿದೆ, ಹಿಂದಿನ ಸಿಲಿಂಡರು ಹಿಂದಿನ ಅಚ್ಚಿನ ಬಳಿ. ಇವೆರಡರ ನಡುವೆ ಉಕ್ಕಿನ ಕೊಳವೆಗಳು ಚಾಸಿಯ ಉದ್ದಕ್ಕೂ ಓಡುತ್ತವೆ, ಉಪ್ಪುನೀರಿನ ಸಿಂಪಡಿಕೆಯನ್ನು ಇಪ್ಪತ್ತು ಚಳಿಗಾಲ ಉಣ್ಣುತ್ತವೆ. ತುಕ್ಕು ಹಿಡಿಯದೆ ಏನು ಮಾಡೀತು? ಒಂದು ದಿನ ಕೊಳವೆ ಸೀಳಿ ಎಣ್ಣೆಯೆಲ್ಲ ರಸ್ತೆಗೆ ಸುರಿಯುತ್ತದೆ. ಕೊಳವೆಯಲ್ಲದೆ ಪಂಪಿನ ಸೀಲು, ಸಿಲಿಂಡರಿನ ಸೀಲು, ಮಾಪಕಗಳ ತಂತಿ, ಕವಾಟದ ಸುರುಳಿ, ಇವೂ ಒಂದೊಂದಾಗಿ ಸೋಲುತ್ತವೆ. ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಗ್ಯಾರೇಜಿನವನು ಕೇಳುವ ಹಣ, ಎಷ್ಟೋ ವೇಳೆ, ಆ ಹಳೆಯ ಗಾಡಿಯ ಬೆಲೆಯೊಂದಿಗೆ ಸ್ಪರ್ಧೆಗೆ ನಿಲ್ಲುತ್ತದೆ.

ಒಡೆಯರಲ್ಲಿ ಎರಡು ಪಂಗಡಗಳಾಗುವುದು ಇಲ್ಲಿ. ಗಾಡಿಯನ್ನು ಕಾರ್ಖಾನೆ ಹೇಗೆ ಕೊಟ್ಟಿತೋ ಹಾಗೆಯೇ ಉಳಿಸಬೇಕು, ಇಂಥ ಏರ್ಪಾಟನ್ನು ಕೀಳುವುದು ಅನಾಗರಿಕತೆ ಎಂದು ಒಂದು ಪಂಗಡ. ಇವೆಲ್ಲ ನಗರದವರನ್ನು ಮೆಚ್ಚಿಸುವ ಅಲಂಕಾರ, ಕಿತ್ತು ಬಿಸಾಡಿದರೆ ಗಾಡಿ ಹಗುರವಾಗುತ್ತದೆ, ತಲೆನೋವೂ ತೀರುತ್ತದೆ ಎಂದು ಇನ್ನೊಂದು. ಎರಡನೆಯ ಪಂಗಡದ ಮಾತು ಕೇಳಲು ಇಂಪಾಗಿದೆ. ಸರಳತೆಯ ಹೆಸರಿನಲ್ಲಿ ಯಾರು ಏನು ಹೇಳಿದರೂ ತಲೆದೂಗುವ ಕಾಲ ಇದು. ಆದರೆ ಕಿತ್ತಮೇಲೆ ಆ ಜಾಗದಲ್ಲಿ ಏನಿಡುತ್ತೀರಿ ಎಂಬ ಪ್ರಶ್ನೆಗೆ ಆ ಪಂಗಡದಲ್ಲಿ ಕೆಲವರು ‘ಏನೂ ಇಲ್ಲ’ ಎನ್ನುತ್ತಾರೆ. ನಮ್ಮ ವಿರೋಧವೆಲ್ಲ ಆ ಉತ್ತರಕ್ಕೆ.

ಯಾಕೆಂದು ಅಂಕಿಗಳಿಂದ ತೋರಿಸುತ್ತೇವೆ. ಲೆಕ್ಕ ಸುಲಭವಾಗಲೆಂದು ನಾವೇ ಆರಿಸಿದ ಉದಾಹರಣೆಯ ಅಂಕಿಗಳಿವು, ಯಾವ ಒಂದು ಗಾಡಿಯನ್ನೂ ಅಳೆದು ತೆಗೆದವಲ್ಲ. ಆದರೆ ಇಂಥ ಗಾಡಿಗೆ ಒಪ್ಪುವ ಪ್ರಮಾಣದವು. ಸ್ಪ್ರಿಂಗುಗಳ ಮೇಲಿರುವ ಒಡಲು 1,800 ಕಿಲೋಗ್ರಾಂ, ಅದರ ಗುರುತ್ವಕೇಂದ್ರವು ವಾಲುವ ಅಕ್ಷದಿಂದ ಅರ್ಧ ಮೀಟರ್ ಮೇಲಿದೆ ಎನ್ನೋಣ. ಮೇಲೆ ಹೇಳಿದ ತಿರುವಿನಲ್ಲಿ ಒಡಲನ್ನು ವಾಲಿಸುವ ಭ್ರಾಮಕವು 1,800, 4 ಮತ್ತು ಅರ್ಧ ಇವುಗಳ ಗುಣಲಬ್ಧ, 3,600 ನ್ಯೂಟನ್-ಮೀಟರ್. ನಾಲ್ಕು ಸ್ಪ್ರಿಂಗುಗಳೂ ತಲಾ ಮೀಟರಿಗೆ 25,000 ನ್ಯೂಟನ್ ಬಿಗುವಿನವು, ಎಡಬಲದ ಸ್ಪ್ರಿಂಗುಗಳ ನಡುವೆ ಒಂದು ಮೀಟರ್ ಅಂತರ. ಆಗ ಸ್ಪ್ರಿಂಗುಗಳು ವಾಲುವಿಕೆಯನ್ನು ವಿರೋಧಿಸುವ ಬಿಗುವು ರೇಡಿಯನ್ನಿಗೆ 25,000 ನ್ಯೂಟನ್-ಮೀಟರ್ ಎಂದು ಬರುತ್ತದೆ. ಇದರಲ್ಲಿ ಒಂದು ಕಡಿತವಿದೆ: ಒಡಲು ಒಮ್ಮೆ ವಾಲಿತೆಂದರೆ ಅದರ ತೂಕವೇ ಅದನ್ನು ಇನ್ನಷ್ಟು ವಾಲಿಸಲು ನೆರವಾಗುತ್ತದೆ. ಈ ನೆರವು ರೇಡಿಯನ್ನಿಗೆ ಸುಮಾರು 8,800. ಉಳಿದದ್ದು 16,200. ಭಾಗಿಸಿದರೆ ಒಡಲು ಸುಮಾರು 12.7 ಡಿಗ್ರಿ ವಾಲುತ್ತದೆ. ಸಾಧಾರಣ ವಾಲುತಡೆ ಸರಳುಗಳೆರಡು ಸೇರಿ ಇನ್ನೊಂದು 25,000ದ ಬಿಗುವನ್ನು ಕೂಡಿಸಿದರೆ ವಾಲುವಿಕೆ 5 ಡಿಗ್ರಿಗೆ ಇಳಿಯುತ್ತದೆ. ಏಸ್ ಏರ್ಪಾಟು ಸರಿಯಾಗಿ ಕೆಲಸಮಾಡುತ್ತಿದ್ದರೆ ಬಹುಮಟ್ಟಿಗೆ ಸೊನ್ನೆ.

ಹನ್ನೆರಡೂವರೆ ಡಿಗ್ರಿಗೂ ಐದು ಡಿಗ್ರಿಗೂ ಇರುವ ಅಂತರವು ಐದಕ್ಕೂ ಸೊನ್ನೆಗೂ ಇರುವ ಅಂತರಕ್ಕಿಂತ ದೊಡ್ಡದೆಂಬುದನ್ನು ಗಮನಿಸಿ. ಸೂಕ್ಷ್ಮವಾದ ಏರ್ಪಾಟು ಕೊಟ್ಟ ಲಾಭಕ್ಕಿಂತ ಉಕ್ಕಿನ ಮೊಂಡು ಸರಳು ಕೊಟ್ಟ ಲಾಭವೇ ಹೆಚ್ಚು. ಏಸ್ ಏರ್ಪಾಟನ್ನು ತೆಗೆದು ಸರಳನ್ನು ಹಾಕಿದವನು ಕಳೆದುಕೊಳ್ಳುವುದು ಚಿಕ್ಕ ಪಾಲನ್ನು. ತೆಗೆದು ಏನನ್ನೂ ಹಾಕದವನು ಕಳೆದುಕೊಳ್ಳುವುದು ದೊಡ್ಡ ಪಾಲನ್ನು. ಎಣ್ಣೆ ಸೋರಿಹೋದ ಏರ್ಪಾಟನ್ನು ಹಾಗೆಯೇ ಹೊತ್ತು ತಿರುಗುವವನೂ ಈ ಎರಡನೆಯವನ ಸಾಲಿನಲ್ಲಿಯೇ ನಿಲ್ಲುತ್ತಾನೆ. ಖಾಲಿ ಸಿಲಿಂಡರು ಸರಳಿನ ತುದಿಯನ್ನು ಹಿಡಿದು ನಿಲ್ಲಿಸಲಾರದು, ತುದಿ ನಿಲ್ಲದೆ ಸರಳು ತಿರುಚಿಕೊಳ್ಳದು. ಕೆಳಗೆ ಬಗ್ಗಿ ನೋಡಿದರೆ ಸರಳು ಅಲ್ಲಿಯೇ ಇರುತ್ತದೆ, ಕೆಲಸಕ್ಕೆ ಮಾತ್ರ ಇರುವುದಿಲ್ಲ.

ಇನ್ನೊಂದು ಪಂಗಡದ ಭ್ರಮೆಯನ್ನೂ ತಿದ್ದಬೇಕಾಗಿದೆ. ವಾಲದ ಗಾಡಿ ಮಗುಚದ ಗಾಡಿಯೆಂದು ಅವರು ನಂಬಿರುವಂತಿದೆ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಭಾರ ವರ್ಗವಾಗುವುದು ಮುಖ್ಯವಾಗಿ ಗುರುತ್ವಕೇಂದ್ರದ ಎತ್ತರವನ್ನೂ ಚಕ್ರಗಳ ಅಗಲವನ್ನೂ ಅವಲಂಬಿಸಿದೆ, ವಾಲುವಿಕೆಯನ್ನಲ್ಲ. ಇಡೀ ಗಾಡಿ 2,200 ಕಿಲೋಗ್ರಾಂ, ಗುರುತ್ವಕೇಂದ್ರ ನೆಲದಿಂದ 80 ಸೆಂಟಿಮೀಟರ್ ಎತ್ತರ, ಚಕ್ರಗಳ ನಡುವೆ ಒಂದೂವರೆ ಮೀಟರ್ ಎಂದು ಹಿಡಿದರೆ, ನಿಂತಾಗ ಒಂದೊಂದು ಮಗ್ಗುಲಿನ ಮೇಲೂ ಸುಮಾರು 10,800 ನ್ಯೂಟನ್ ಭಾರವಿರುತ್ತದೆ. ಅದೇ ತಿರುವಿನಲ್ಲಿ, ಒಡಲು ಒಂದು ಕೂದಲಿನಷ್ಟೂ ವಾಲದಿದ್ದರೂ, 4,700 ನ್ಯೂಟನ್ ಹೊರಗಡೆಗೆ ವರ್ಗವಾಗಿಬಿಡುತ್ತದೆ, ಒಳಚಕ್ರಗಳಲ್ಲಿ 6,100 ಉಳಿಯುತ್ತದೆ. ಒಡಲು 5 ಡಿಗ್ರಿ ವಾಲಿದರೆ ಗುರುತ್ವಕೇಂದ್ರವೂ ಸ್ವಲ್ಪ ಹೊರಕ್ಕೆ ಸರಿಯುವುದರಿಂದ 5,600 ಉಳಿಯುತ್ತದೆ, 12.7 ಡಿಗ್ರಿಯಾದರೆ 4,800. ವ್ಯತ್ಯಾಸವಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಮೊದಲಿನ 4,700ನ್ನು ಯಾವ ಸಿಲಿಂಡರೂ ಯಾವ ನಿಯಂತ್ರಕ ಪೆಟ್ಟಿಗೆಯೂ ತಡೆಯಲಾರದು. ಅದು ನ್ಯೂಟನ್ನನಿಗೆ ಕೊಡಲೇಬೇಕಾದ ಕಂದಾಯ.

ವಾಲುವಿಕೆಗೆ ಇನ್ನೊಂದು ಉಪಯೋಗವೂ ಇದೆ, ಅದು ಚಾಲಕನಿಗೆ ಎಚ್ಚರಿಕೆ. ಮಟ್ಟವಾಗಿಯೇ ಉಳಿಯುವ ಎತ್ತರದ ಗಾಡಿಯಲ್ಲಿ ಕುಳಿತವನಿಗೆ ತಾನು ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆಂಬ ಅರಿವು ಮೈಗೆ ತಟ್ಟುವುದು ತಡವಾಗುತ್ತದೆ. ಏಸ್ ಇರುವ ಗಾಡಿಗೆ ವರ್ಷಗಟ್ಟಲೆ ಒಗ್ಗಿಹೋದವನು ಒಂದು ಬೆಳಗ್ಗೆ ಅದನ್ನು ತೆಗೆಸಿ, ಹಳೆಯ ವೇಗದಲ್ಲಿಯೇ ಹಳೆಯ ತಿರುವಿಗೆ ಹೋದರೆ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಎಲ್ಲಕ್ಕಿಂತ ಕೆಟ್ಟದ್ದು ಅರೆಬರೆ ಕೆಲಸ. ಹಿಂದಿನ ಕೊಳವೆ ಸೀಳಿತು, ಮುಂದಿನದು ಚೆನ್ನಾಗಿದೆ. ಹಿಂದಿನದನ್ನು ಮುಚ್ಚಿ ಮುಂದಿನದನ್ನು ಮಾತ್ರ ಉಳಿಸೋಣವೆಂದು, ಅಥವಾ ಇದಕ್ಕೆ ತಿರುಗುಮುರುಗಾಗಿ, ಯೋಚಿಸುವವರಿದ್ದಾರೆ. ವರ್ಗವಾಗುವ ಭಾರದ ಮೊತ್ತ ಒಂದೇ ಆದರೂ, ಅದು ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಹೇಗೆ ಹಂಚಿಕೆಯಾಗುತ್ತದೆಂಬುದನ್ನು ಆಯಾ ಕಡೆಯ ಬಿಗುವು ನಿರ್ಧರಿಸುತ್ತದೆ. ಟಯರಿನ ಸ್ವಭಾವ ಹೇಗೆಂದರೆ, ಒಂದೇ ಅಚ್ಚಿನ ಎರಡು ಚಕ್ರಗಳ ಮೇಲೆ ಭಾರವು ಹೆಚ್ಚು ಅಸಮವಾದಷ್ಟೂ ಅವೆರಡೂ ಸೇರಿ ಕೊಡುವ ಹಿಡಿತ ಕಡಮೆಯಾಗುತ್ತದೆ. ಹಿಂದಿನ ಸರಳು ಸಡಿಲವಾಗಿ ಮುಂದಿನದು ಬಿಗಿಯಾಗಿದ್ದರೆ ಮುಂದಿನ ಚಕ್ರಗಳು ಮೊದಲು ಜಾರುತ್ತವೆ, ಗಾಡಿ ತಿರುಗಲೊಲ್ಲದೆ ನೇರವಾಗಿ ಹೋಗುತ್ತದೆ. ಮುಂದಿನದು ಸಡಿಲವಾಗಿ ಹಿಂದಿನದು ಬಿಗಿಯಾಗಿದ್ದರೆ ಹಿಂಭಾಗವೇ ಹೊರಕ್ಕೆ ಬೀಸುತ್ತದೆ. ಎತ್ತರದ ಗಾಡಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಬೇಕಿಲ್ಲ. ಆದುದರಿಂದ ಉಳಿಸಿದರೆ ಎರಡನ್ನೂ ಉಳಿಸಬೇಕು, ತೆಗೆದರೆ ಎರಡನ್ನೂ ತೆಗೆಯಬೇಕು.

ಹಾಗಾದರೆ ಉಳಿಸುವುದೋ ತೆಗೆಯುವುದೋ? ಮೊದಲು ಚಾಸಿಯನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಈ ಗಾಡಿಗಳ ಚಾಸಿಯ ಹಿಂಭಾಗವು ತುಕ್ಕಿಗೆ ಹೆಸರುವಾಸಿ. ಅದು ಉಪ್ಪಿಟ್ಟಿನಂತೆ ಪುಡಿಯಾಗುತ್ತಿರುವಾಗ ಏಸ್ ಏರ್ಪಾಟಿನ ವಿಷಯವಾಗಿ ತರ್ಕ ಮಾಡುವುದು ವ್ಯರ್ಥ. ಚಾಸಿ ಗಟ್ಟಿಯಾಗಿದ್ದರೆ ಎರಡನೆಯ ಪ್ರಶ್ನೆ, ಕೆಟ್ಟಿರುವುದು ಯಾವುದು? ಆಶ್ಚರ್ಯವೆಂದರೆ ಎಷ್ಟೋ ಒಡೆಯರು ಇದನ್ನು ವಿಚಾರಿಸದೆಯೇ ಸ್ಪ್ಯಾನರು ಹಿಡಿಯುತ್ತಾರೆ. ದೀಪ ಹತ್ತಿತೆಂದರೆ ಇಡೀ ಏರ್ಪಾಟು ಸತ್ತಿತೆಂದು ತೀರ್ಮಾನ! ಹಿಂದಿನ ಗಾಳಿ ಸ್ಪ್ರಿಂಗುಗಳ ಮಟ್ಟ ಕಾಯ್ದುಕೊಳ್ಳುವ ಏರ್ಪಾಟು ಕೆಲವು ಗಾಡಿಗಳಲ್ಲಿ ಇದೆ, ಅದು ಬೇರೆಯೇ ಒಂದು ಅಂಗ. ಅದರ ದೋಷವನ್ನು ಏಸ್ ಏರ್ಪಾಟಿನ ತಲೆಗೆ ಕಟ್ಟುವವರೂ ಉಂಟು. ನಿಯಂತ್ರಕ ಪೆಟ್ಟಿಗೆ ತನ್ನ ದೋಷವನ್ನು ಸಂಕೇತವಾಗಿ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಓದಬಲ್ಲ ಉಪಕರಣ ಇರುವವನಲ್ಲಿಗೆ ಮೊದಲು ಹೋಗಬೇಕು. ಎಣ್ಣೆಯ ಮಟ್ಟ ನೋಡಬೇಕು. ಸೋರಿಕೆ ಎಲ್ಲಿಯೆಂದು ಕೊಳವೆಗಳನ್ನು ಒರೆಸಿ ಹುಡುಕಬೇಕು.

ಕೊಳವೆ ಮಾತ್ರ ಕೆಟ್ಟಿದ್ದರೆ ದುರಸ್ತಿಯೇ ಸರಿ ಎನ್ನುತ್ತೇವೆ. ಪಂಪು, ಕವಾಟದ ಪೆಟ್ಟಿಗೆ, ಸಿಲಿಂಡರುಗಳು, ಎರಡು ಮಾಪಕಗಳು, ಇಷ್ಟೆಲ್ಲ ಆರೋಗ್ಯವಾಗಿರುವಾಗ ಒಂದೆರಡು ಕೊಳವೆಗಾಗಿ ಅವನ್ನೆಲ್ಲ ಗುಜರಿಗೆ ಹಾಕುವುದು ಹಲ್ಲುನೋವಿಗೆ ತಲೆ ತೆಗೆದಂತೆ. ಕೊಳವೆಗಳನ್ನು ಮಾಡಿಸುವಾಗ ಒಂದು ಮಾತು ನೆನಪಿಡಬೇಕು: ಇದು ತೋಟಕ್ಕೆ ನೀರು ಹಾಯಿಸುವ ಪೈಪಲ್ಲ. ನೂರು ಬಾರಿಗೂ ಮೀರಿದ ಒತ್ತಡವನ್ನು ತಡೆಯುವ ಕೊಳವೆಯನ್ನೂ ಅದಕ್ಕೆ ತಕ್ಕ ಜೋಡಣೆಗಳನ್ನೂ ಬಲ್ಲವರಿಂದಲೇ ಮಾಡಿಸಬೇಕು. ಅಂಥ ಒತ್ತಡದ ಎಣ್ಣೆ ಸೂಜಿಮೊನೆಯಂಥ ರಂಧ್ರದಿಂದ ಚಿಮ್ಮಿದರೆ ಚರ್ಮವನ್ನೇ ತೂರಿ ಒಳಹೋಗಬಲ್ಲುದು. ಇಂಜಿನು ತಿರುಗುತ್ತಿರುವಾಗ ಸೋರುವ ಜಾಗವನ್ನು ಬೆರಳಿನಿಂದ ಹುಡುಕುವ ಸಾಹಸ ಯಾರಿಗೂ ಬೇಡ.

ಕವಾಟದ ಪೆಟ್ಟಿಗೆಯೋ ಪಂಪೋ ಕೆಟ್ಟು, ಬದಲಿ ಸಿಗದೆ ಅಥವಾ ಸಿಕ್ಕರೂ ನಿಲುಕದೆ ಹೋದರೆ ಆಗ ತೆಗೆಯಲಿ. ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಇಲ್ಲಿ ಒಂದು ಅನುಕೂಲವಿದೆ. ಏಸ್ ಇಲ್ಲದ ಡಿಸ್ಕವರಿಗಳೂ ಅದೇ ಕಾರ್ಖಾನೆಯಿಂದಲೇ ಸಾಧಾರಣ ಸರಳುಗಳೊಡನೆ ಹೊರಬಂದಿವೆ. ಆದುದರಿಂದ ಯಾವ ದಪ್ಪದ ಸರಳು, ಯಾವ ಕೊಂಡಿ ಎಂದು ಒಡೆಯನು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಲೆಕ್ಕವನ್ನು ಕಾರ್ಖಾನೆಯ ಇಂಜಿನಿಯರುಗಳೇ ಮಾಡಿಟ್ಟಿದ್ದಾರೆ. ಮುಂದಿನ ಹಿಂದಿನ ಸರಳುಗಳು, ಅವುಗಳ ಕೊಂಡಿಗಳು, ರಬ್ಬರಿನ ಬುಷ್ಷುಗಳು, ಇವೆಲ್ಲವನ್ನೂ ಒಟ್ಟಿಗೆ ತರಬೇಕು. ತನ್ನ ಗಾಡಿಯಲ್ಲಿರುವ ಸ್ಪ್ರಿಂಗೂ ಷಾಕ್ ಅಬ್ಸಾರ್ಬರುಗಳೂ ಸಾಧಾರಣ ಸರಳಿನ ಗಾಡಿಗೆ ಗೊತ್ತುಮಾಡಿದವೇ ಎಂದು ಬಿಡಿಭಾಗದ ಸಂಖ್ಯೆ ನೋಡಿ ತಾಳೆಹಾಕಬೇಕು. ಪಂಪಿನ ಗಾಲಿಯು ಬೆಲ್ಟಿನ ದಾರಿಯಲ್ಲಿಯೇ ಇರುವುದರಿಂದ, ಅದನ್ನು ತೆಗೆದ ಮೇಲೆ ಬೆಲ್ಟಿನ ಉದ್ದವನ್ನು ಬದಲಿಸಬೇಕು, ಇಲ್ಲವೆ ಆ ಜಾಗದಲ್ಲಿ ಸುಮ್ಮನೆ ತಿರುಗುವ ಒಂದು ಗಾಲಿಯನ್ನು ನಿಲ್ಲಿಸಬೇಕು. ಎಚ್ಚರಿಕೆಯ ದೀಪದ ಬಲ್ಬನ್ನು ಕಿತ್ತು ‘ಎಲ್ಲ ಸರಿಯಾಯಿತು’ ಎನ್ನುವವರ ಬಗ್ಗೆ ನಾವು ಏನೂ ಹೇಳಲಿಚ್ಛಿಸುವುದಿಲ್ಲ. ಏರ್ಪಾಟು ಪೂರ್ತಿ ಹೋದಮೇಲೆ ದೀಪಕ್ಕೂ ಕೆಲಸವಿಲ್ಲವೆಂಬುದು ನಿಜ. ಅದಕ್ಕೆ ಮೊದಲೇ ಕಿತ್ತರೆ ಅದು ಮುಂದೆ ಗಾಡಿ ಕೊಳ್ಳುವವನಿಗೆ ಮಾಡುವ ಮೋಸ.

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳನ್ನು ಪ್ರತಿವರ್ಷ ಪರೀಕ್ಷೆಗೆ ಒಡ್ಡಬೇಕು, ವಿಮಾ ಸಂಸ್ಥೆಗೆ ಮಾರ್ಪಾಟುಗಳನ್ನು ತಿಳಿಸಬೇಕು. ಮಾರ್ಪಾಟನ್ನು ಬಚ್ಚಿಟ್ಟವನು ಅಪಘಾತದ ದಿನ ವಿಮೆಯ ಹಣಕ್ಕಾಗಿ ಪರದಾಡಬೇಕಾದೀತು.

ಇನ್ನು ಗಾಡಿ ತಯಾರಿಸುವವರ ಪಾಲಿನ ಮಾತು. ಇಂಥ ಏರ್ಪಾಟು ಲ್ಯಾಂಡ್ ರೋವರಿನ ಸ್ವತ್ತೇನೂ ಅಲ್ಲ. ಫ್ರಾನ್ಸಿನ ಸಿತ್ರೊಯೆನ್ ಸಂಸ್ಥೆ 1994ರಲ್ಲಿಯೇ ಕ್ಸಾಂಟಿಯಾ ಆಕ್ಟಿವಾ ಎಂಬ ಕಾರಿನಲ್ಲಿ ವಾಲುತಡೆ ಸರಳಿಗೆ ಸಿಲಿಂಡರು ಜೋಡಿಸಿತ್ತು. 1999ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ನಡೆಸಿದ ಹಠಾತ್ ತಿರುವಿನ ಪರೀಕ್ಷೆಯನ್ನು ಆ ಕಾರು ಗಂಟೆಗೆ 85 ಕಿಲೋಮೀಟರ್ ವೇಗದಲ್ಲಿ ದಾಟಿ ಹೆಸರು ಮಾಡಿತು. ಜಪಾನಿನ ಟೊಯೋಟಾ ತನ್ನ ಲ್ಯಾಂಡ್ ಕ್ರೂಸರಿನಲ್ಲಿ ಬಳಸಿದ, ಪಶ್ಚಿಮ ಆಸ್ಟ್ರೇಲಿಯದ ಕೈನೆಟಿಕ್ ಎಂಬ ಸಂಸ್ಥೆಯಲ್ಲಿ ಹುಟ್ಟಿದ ಏರ್ಪಾಟು ನಮಗೆ ಇನ್ನೂ ಹೆಚ್ಚು ಮೆಚ್ಚುಗೆಯಾಗುತ್ತದೆ. ಅದರಲ್ಲಿ ಪಂಪಿಲ್ಲ. ಮುಂದಿನ ಹಿಂದಿನ ಸಿಲಿಂಡರುಗಳನ್ನು ಕೊಳವೆಗಳಿಂದ ಜೋಡಿಸಿದ್ದಾರೆ. ತಿರುವಿನಲ್ಲಿ ಎರಡು ಸಿಲಿಂಡರುಗಳೂ ಒಂದೇ ರೀತಿ ಒತ್ತುವುದರಿಂದ ಎಣ್ಣೆಗೆ ಹೋಗಲು ದಾರಿಯಿಲ್ಲ, ಸರಳು ಬಿಗಿಯುತ್ತದೆ. ಬಂಡೆಗಳ ನಡುವೆ ಮುಂದಿನ ಅಚ್ಚು ಒಂದು ಕಡೆಗೂ ಹಿಂದಿನದು ಇನ್ನೊಂದು ಕಡೆಗೂ ಓರೆಯಾದಾಗ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಹರಿದು ಸರಳು ಸಡಿಲವಾಗುತ್ತದೆ. ತಿರುವು ಯಾವುದು, ಬಂಡೆ ಯಾವುದು ಎಂಬ ತೀರ್ಮಾನವನ್ನು ಕೊಳವೆಗಳ ಜೋಡಣೆಯೇ ಮಾಡಿತು! ಆದರೂ ಅಲ್ಲಿಯೂ ಎಣ್ಣೆಯಿದೆ, ಸೀಲುಗಳಿವೆ, ಉಕ್ಕಿನ ಕೊಳವೆಗಳಿವೆ. ಆ ಗಾಡಿಗಳಲ್ಲಿ ಹಳೆಯವು ಈಗ ಸೋರುವ ವಯಸ್ಸಿಗೆ ಬಂದಿವೆ. 2016ರಲ್ಲಿ ಬಂದ ಆಡಿ ಎಸ್‌ಕ್ಯೂ7 ಗಾಡಿಯಲ್ಲಿ ಎಣ್ಣೆಯೇ ಇಲ್ಲ, 48 ವೋಲ್ಟಿನ ವಿದ್ಯುತ್ ಮೋಟಾರು ಸರಳನ್ನು ತಿರುಚುತ್ತದೆ. ಅದಕ್ಕೂ ಒಂದು ದಿನ ಇಪ್ಪತ್ತು ವರ್ಷ ತುಂಬುತ್ತದೆ.

ಹೀಗಿರುವಾಗ ಹೊಸ ಏರ್ಪಾಟನ್ನು ಮಾರುವ ದಿನವೇ, ಅದು ಕೆಟ್ಟ ದಿನ ಗಾಡಿ ಹೇಗೆ ನಡೆಯಬೇಕೆಂಬುದನ್ನೂ ತಯಾರಕರು ಗೊತ್ತುಮಾಡಿ ಹೇಳಬೇಕೆಂದು ನಾವು ಬಯಸುತ್ತೇವೆ. ಡಿಸ್ಕವರಿಯ ಒಡೆಯನಿಗೆ ಸಾಧಾರಣ ಸರಳಿನ ದಾರಿ ದೊರೆತದ್ದು, ಅದೇ ಗಾಡಿ ಎರಡು ಬಗೆಯಲ್ಲಿಯೂ ತಯಾರಾದ ಕಾರಣದಿಂದ. ಅದು ಒಡೆಯನ ಅದೃಷ್ಟ, ಯಾರೂ ಅವನಿಗಾಗಿ ಯೋಚಿಸಿಟ್ಟ ದಾರಿಯಲ್ಲ. ಆಕ್ಟಿವಾ ಕಾರಿನಲ್ಲಿಯಂತೂ ಸ್ಪ್ರಿಂಗಿನ ಕೆಲಸವನ್ನೂ ಅದೇ ಎಣ್ಣೆಯೇ ಮಾಡುತ್ತದೆ. ಅಲ್ಲಿ ಕೀಳುವ ಪ್ರಶ್ನೆಯೇ ಇಷ್ಟು ಸುಲಭವಲ್ಲ. ದೋಷ ಸಂಕೇತಗಳನ್ನು ಓದುವ ಕ್ರಮ, ಕೊಳವೆಗಳ ಅಳತೆ, ಬದಲಿ ಸರಳಿನ ಬಿಗುವು, ಇವು ಮಾರಾಟ ಮುಗಿದ ಮೇಲೆಯೂ ಗುಟ್ಟಾಗಿ ಉಳಿಯಬೇಕಾದುದಕ್ಕೆ ಯಾವ ಕಾರಣವೂ ನಮಗೆ ತೋರುವುದಿಲ್ಲ. ಗಾಡಿ ಕೊಂಡವನು ಅದರ ಮುಪ್ಪನ್ನೂ ಕೊಂಡಿದ್ದಾನೆ.

ತೆಗೆಯಲು ಹೊರಟವರಿಗೆ ಕೊನೆಯದಾಗಿ ಎರಡು ಸೂಚನೆಗಳು. ಹೊಸ ಸರಳಿನ ಬುಷ್ಷುಗಳ ಬೋಲ್ಟುಗಳನ್ನು ಗಾಡಿಯನ್ನು ಜ್ಯಾಕಿನಿಂದ ಇಳಿಸಿ, ತೂಕ ಚಕ್ರದ ಮೇಲೆ ಬಿದ್ದಮೇಲೆಯೇ ಪೂರ್ತಿ ಬಿಗಿಮಾಡಬೇಕು. ತೂಗಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಿಚ್ಚಿದ ಸಿಲಿಂಡರುಗಳನ್ನೂ ಮಾಪಕಗಳನ್ನೂ, ಕೆಡದೆ ಉಳಿದಿದ್ದರೆ ಪಂಪನ್ನೂ, ಬಾಯಿಗಳನ್ನು ಮುಚ್ಚಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ತೆಗೆದಿಡಬೇಕು. ಕೊಳವೆ ಮಾತ್ರ ಚೆನ್ನಾಗಿದ್ದು ಪಂಪು ಸತ್ತ ಇನ್ನೊಬ್ಬ ಒಡೆಯನು ಅವನ್ನೇ ಹುಡುಕಿಕೊಂಡು ಬರುತ್ತಾನೆ.